ಅರಿವಿ ತಗದ್ರ ಧಾರವಾಡ

ಪೂರಾ ಒಣಗದ ಹತ್ತಿಬಟ್ಟೆಯನ್ನು ಮಡಚಿ ಕಪಾಟಿನಲ್ಲಿಟ್ಟರೆ ಬರುವ ಮುಗ್ಗುಲು ವಾಸನೆ ನಿಮಗೂ ಗೊತ್ತಿರಬೇಕು. ಹಸಿ ಗೋಡೆಯ ವಾಸನೆ, ಸಾಬೂನಿನ ವಾಸನೆ, ಅದರ ಅಡಿಗೆ ಎಲ್ಲೋ ಒಂದಿಷ್ಟು ಹುಳಿ. ಮೂಗಿದ್ದವರು ಇಷ್ಟಪಡುವಂಥದ್ದಲ್ಲ. ನನಗಂತೂ ಅದು ಬಂದರೆ ತಲೆ ಕೆಡುತ್ತಿತ್ತು. ಈಗ ನಮ್ಮ ಮನೆಯಲ್ಲಿ ಆ ವಾಸನೆ ಇಲ್ಲ. ಬಟ್ಟೆಗಳು ಬಾಲ್ಕನಿಯಲ್ಲಿ ಬೇಕಾದಷ್ಟು ಹೊತ್ತು ತೂಗಿ ಹಪ್ಪಳದ ಹಾಗೆ ಒಣಗುತ್ತವೆ. ಒಂದೇ ಒಂದು ದಿಂಬಿನ ಚೀಲ ಮಾತ್ರ ಕಪಾಟಿನ ಕೆಳಖಾನೆಯಲ್ಲಿದೆ, ಅದನ್ನು ನಾನು ಒಗೆಯಲು ಕೊಟ್ಟಿಲ್ಲ. ಕಾಲೇಜಿನಿಂದ ಬಂದು ಚಪ್ಪಲಿ ಬಿಟ್ಟವಳೇ ಒಮ್ಮೊಮ್ಮೆ ಅದಕ್ಕೆ ಮೂಗು ಹಚ್ಚುತ್ತೇನೆ. ಐವತ್ತು ದಾಟಿದ, ಹುಡುಗರನ್ನು ಗದರಿಸಿ ಗದರಿಸಿ ದನಿ ಒರಟಾದ ಹೆಂಗಸು ದಿಂಬಿನ ಚೀಲ ಮೂಸುತ್ತ ನಿಂತದ್ದನ್ನು ಯಾರಾದರೂ ಕಂಡರೆ ನಕ್ಕಾರು. ನಗಲಿ. ಆ ವಾಸನೆಯಲ್ಲಿ ನನ್ನ ಗಂಗತ್ತಿ ಇದ್ದಾಳೆ. ಅವಳ ಹಿಂದೆ ಒಂದು ಕಲ್ಲಿನ ಅಂಗಳವಿದೆ, ಅಂಗಳದ ಮೇಲೆ ಒಂದು ತಾಮ್ರದ ತಂತಿಯಿದೆ.

ಗಂಗತ್ತಿ ನನ್ನ ಅಪ್ಪನ ಅಕ್ಕ. ಗುಳೇದಗುಡ್ಡದವಳು. ಗಂಡ ಹೋದ ಮೇಲೆ ಒಂದು ಟ್ರಂಕು ಹಿಡಿದು ಪುಣೆಗೆ ತಮ್ಮನ ಮನೆಗೆ ಬಂದಾಗ ನಾನಿನ್ನೂ ತೊಟ್ಟಿಲಲ್ಲಿದ್ದೆನಂತೆ. ಅದೇ ವರ್ಷ ಅವ್ವ ಜ್ವರ ಬಂದು ತೀರಿಕೊಂಡಳು. ಹಾಗಾಗಿ ನನಗೆ ಅತ್ತಿ ಅಂದರೇ ಅವ್ವ. ಅಪ್ಪ ಬಟ್ಟೆಯ ಸಗಟು ಅಂಗಡಿಯೊಂದರಲ್ಲಿ ಗುಮಾಸ್ತ. ನಾವಿದ್ದದ್ದು ಪೇಠೆಯ ಒಂದು ಹಳೆಯ ವಾಡೆಯಲ್ಲಿ. ನಡುವೆ ಅಂಗಳ, ಸುತ್ತ ಎರಡೆರಡು ಕೋಣೆಯ ಬಿಡಾರಗಳು, ಒಂದೇ ನಲ್ಲಿ, ಒಂದೇ ತುಳಸಿಕಟ್ಟೆ. ಸುತ್ತಲಿನವರೆಲ್ಲ ಮರಾಠಿಯವರು. ಅಪ್ಪನಿಗೆ ಮರಾಠಿ ಸಲೀಸು, ನನಗೆ ಅದು ಶಾಲೆಯ ಭಾಷೆ. ಅತ್ತಿಯ ಮರಾಠಿ ಮಾತ್ರ ಕಾಯಿಪಲ್ಯದ ಅಂಗಡಿಯಿಂದ ಮುಂದೆ ಹೋಗಲೇ ಇಲ್ಲ. ಅಪ್ಪ ಅಂಗಡಿಗೆ, ನಾನು ಶಾಲೆಗೆ ಹೋದರೆ ಹಗಲಿಡೀ ಅವಳ ಕಿವಿಗೆ ಕನ್ನಡದ ಒಂದು ಮಾತು ಬೀಳುತ್ತಿರಲಿಲ್ಲ. “ಕಿವಿ ಉಪಾಸ ಬಿದ್ದಾವೋ ತಮ್ಮಾ” ಎಂದು ಒಂದು ಸಂಜೆ ಅಪ್ಪನೆದುರು ಅಂದಳು. ಅಳುಬುರುಕಿಯಲ್ಲ ಅವಳು, ಅಂದದ್ದು ಅಷ್ಟೇ. ಮುಂದಿನ ರವಿವಾರ ಅಪ್ಪ ಜುನಾ ಬಾಜಾರಿಗೆ ಹೋಗಿ ಒಂದು ಹಳೆಯ ರೇಡಿಯೊ ಹೊತ್ತು ತಂದ. ಮರದ ಪೆಟ್ಟಿಗೆ, ಮುಂದೆ ಮಾಸಿದ ಹಳದಿ ಬಟ್ಟೆ, ತಿರುಗಿಸಿದರೆ ಕಟಕ್ಕೆನ್ನುವ ಎರಡು ಕಿವಿಗಳು.

ರೇಡಿಯೊ ಬಂತು, ಧಾರವಾಡ ಬರಲಿಲ್ಲ. ಪುಣೆಯ ಸ್ಟೇಷನ್ನು ಮನೆಯೊಳಗೇ ಕೂತು ಕೂಗಿದಂತೆ ಕೇಳುತ್ತಿತ್ತು. ಧಾರವಾಡದ್ದು ಅದರ ಸೆರಗಿನ ಹಿಂದೆ ಎಲ್ಲೋ ಗುಸುಗುಸು ಅಂದು ಅಡಗಿಬಿಡುತ್ತಿತ್ತು. ಯಾರೋ ಅಪ್ಪನಿಗೆ, ದೂರದ ಸ್ಟೇಷನ್ನು ಬೇಕಾದರೆ ಉದ್ದ ತಂತಿ ಎತ್ತರದಲ್ಲಿ ಕಟ್ಟು, ಅಂದರು. ಅಪ್ಪ ನಮ್ಮ ಜಂತಿಯಿಂದ ಎದುರಿನ ಗೋದೂತಾಯಿಯ ಜಗಲಿಯ ಕಂಬದವರೆಗೆ ತಾಮ್ರದ ತಂತಿ ಎಳೆದ. ಆ ಸಂಜೆ ಧಾರವಾಡ ಬಂತು. ಅತ್ತಿ ರೇಡಿಯೊದ ಮುಂದೆ ಸೆರಗು ಹೊದ್ದು, ದೊಡ್ಡವರ ಎದುರು ಕೂತ ಹಾಗೆ ಕೂತಳು. ಯಾರೋ ಜೋಳಕ್ಕೆ ತಗಲುವ ಹುಳದ ಬಗ್ಗೆ ಮಾತಾಡುತ್ತಿದ್ದರು. ನಮ್ಮ ಮನೆಯಲ್ಲಿ ಜೋಳವೆಂದರೆ ಡಬ್ಬಿಯಲ್ಲಿದ್ದಷ್ಟೇ. ಅತ್ತಿ ಮಾತ್ರ ಆ ಹುಳದ ಕಥೆಯನ್ನು ಕಣ್ಣು ಮಿಟುಕಿಸದೆ ಕೇಳಿದಳು.

ಮರುದಿನ ಗೋದೂತಾಯಿ ಆ ತಂತಿಯ ಮೇಲೆ ತನ್ನ ಒಂಬತ್ತು ಗಜದ ಸೀರೆ ಹರವಿದಳು. ಅವಳ ತಪ್ಪೇನು? ಅಂಗಳದ ಮೇಲೆ ತಂತಿ ಕಟ್ಟಿದ್ದು ಯಾಕೆ ಅಂತ ಯಾರಾದರೂ ತಿಳಿಯುತ್ತಾರೆ? ನೀರಿಳಿಯುವ ಸೀರೆ ನೆಲ ಮುಟ್ಟುವ ಹಾಗೆ ತೂಗಿತು, ಬಂದ ಸದ್ದೆಲ್ಲ ಆ ಹಸಿಯಲ್ಲಿ ಇಳಿದು ಹೋಯಿತು, ಧಾರವಾಡ ಮಾಯ. ಅತ್ತಿ ಹೊರಗೆ ಬಂದು ಕನ್ನಡದಲ್ಲಿ ಜಗಳ ತೆಗೆದಳು, ಗೋದೂತಾಯಿ ಮರಾಠಿಯಲ್ಲಿ ಉತ್ತರ ಕೊಟ್ಟಳು. ಒಬ್ಬರ ಮಾತು ಇನ್ನೊಬ್ಬರಿಗೆ ತಿಳಿಯಲಿಲ್ಲ, ಆದರೂ ಜಗಳಕ್ಕೇನೂ ಕೊರತೆಯಾಗಲಿಲ್ಲ. ಕೊನೆಗೆ ಅತ್ತಿ ಅವಳ ಕೈ ಹಿಡಿದು ಒಳಗೆ ಕರೆತಂದು ರೇಡಿಯೊದ ಮುಂದೆ ಕೂರಿಸಿದಳು, ನನ್ನನ್ನು ಹೊರಗೆ ಓಡಿಸಿ “ಅರಿವಿ ತಗೀ” ಅಂದಳು. ಅರಿವಿ ಎಂದರೆ ನಮ್ಮ ಕಡೆ ಬಟ್ಟೆ. ನಾನು ಸೀರೆ ಎಳೆದುಕೊಂಡೆ, ಒಳಗೆ ಧಾರವಾಡ ಬಂತು. “ಹಾಕು” ಅಂದಳು, ಹಾಕಿದೆ, ಹೋಯಿತು. ಗೋದೂತಾಯಿ ಬಾಯಿಗೆ ಸೆರಗು ಒತ್ತಿ ನಗತೊಡಗಿದಳು.

ಅಂದಿನಿಂದ ಒಂದು ಕರಾರಾಯಿತು. ಹಗಲು ತಂತಿ ವಾಡೆಯವರ ಬಟ್ಟೆಗೆ, ದೀಪ ಹಚ್ಚುವ ಹೊತ್ತಿನಿಂದ ಅತ್ತಿಯ ಧಾರವಾಡಕ್ಕೆ. ಕರಾರು ಪಾಲಿಸಿದವಳು ಗೋದೂತಾಯಿಯೇ. ತನ್ನವಷ್ಟೇ ಅಲ್ಲ, ಎಲ್ಲರ ಬಟ್ಟೆಯನ್ನೂ ತೆಗೆದು, ಒಣಗಲಿ ಬಿಡಲಿ, ಅವರವರ ಬಾಗಿಲಿಗೆ ಎಸೆದು ಬರುತ್ತಿದ್ದಳು. ಆಮೇಲೆ ನಮ್ಮ ಹೊಸ್ತಿಲಲ್ಲಿ ನಿಂತು, “ಗಂಗಾಬಾಯಿ, ದೋರಿ ಮೋಕಳಿ ಕೇಲಿ. ಯೇವೂ ದ್ಯಾ ತುಮ್ಚ ಧಾರವಾಡ” ಅನ್ನುವಳು. ಹಗ್ಗ ಖಾಲಿ ಮಾಡಿದೆ, ಬರಲಿ ನಿಮ್ಮ ಧಾರವಾಡ. ಬಂದವಳು ಹೋಗುತ್ತಿರಲಿಲ್ಲ, ಮೊರದಲ್ಲಿ ಅಕ್ಕಿ ಹಾಕಿಕೊಂಡು ಅತ್ತಿಯ ಪಕ್ಕ ಕೂತು ಒಂದಕ್ಷರ ತಿಳಿಯದ ನಾಟಕವನ್ನು ಕೊನೆಯವರೆಗೆ ಕೇಳುವಳು, ಅತ್ತಿ ಕಣ್ಣೊರೆಸಿಕೊಂಡಲ್ಲಿ ತಾನೂ ಒರೆಸಿಕೊಳ್ಳುವಳು. ಅತ್ತಿ ನನಗೆ “ಅಕೀಗೆ ಚಹಾಕ್ಕ ಇಡು” ಅನ್ನುವಳು. ನಮ್ಮ ಮನೆಯ, ಎದುರುಮನೆಯ ಎಲ್ಲ ಬಟ್ಟೆಗಳಿಗೂ ಆಗ ಆ ಮುಗ್ಗುಲು ವಾಸನೆಯೇ ಇತ್ತು. ಶಾಲೆಯಲ್ಲಿ ನನ್ನ ಪಕ್ಕ ಕೂತ ಹುಡುಗಿ ಮೂಗು ಮುಚ್ಚಿಕೊಂಡರೆ ನಾನು ಅವಳ ಜಡೆ ಜಗ್ಗುತ್ತಿದ್ದೆ.

ಏರಿಯಲ್ ಎಂಬ ಆ ತಂತಿಯ ಪಾಠ ನನಗಾದದ್ದು ಹೀಗೆ. ಆ ಹುಚ್ಚೇ ಬೆಳೆದು ನಾನು ಎಲೆಕ್ಟ್ರಾನಿಕ್ಸ್ ಓದಿದೆ, ಧನಕವಡಿಯ ಕಡೆಯ ಒಂದು ಕಾಲೇಜಿನಲ್ಲಿ ಮೇಡಮ್ ಆದೆ. ಮದುವೆಯ ಗೋಜಿಗೆ ಹೋಗಲಿಲ್ಲ. ಅಪ್ಪ ಹೋದ. ವಾಡೆ ಬಿದ್ದು ಅಲ್ಲಿ ಅಂಗಡಿಗಳೆದ್ದವು. ಗೋದೂತಾಯಿ ಮಗನೊಡನೆ ಯಾವುದೋ ಊರಿಗೆ ಹೋದಳು. ಹೋಗುವ ದಿನ ಅತ್ತಿಗೆ ಕುಂಕುಮ ಹಚ್ಚುವ ಹಾಗಿರಲಿಲ್ಲ, ಇಬ್ಬರೂ ಗಂಡನಿಲ್ಲದವರು, ಸುಮ್ಮನೆ ಕೆನ್ನೆ ಸವರಿ ಹೋದಳು. ಆಮೇಲೆ ಸುದ್ದಿಯಿಲ್ಲ. ನಾನು ಅತ್ತಿಯನ್ನು ಮಗರಪಟ್ಟಾದ ಫ್ಲ್ಯಾಟಿಗೆ ಕರೆತಂದೆ. ಲಿಫ್ಟು, ಗಾರ್ಡನ್ನು, ಕೆಳಗೆ ಸೆಕ್ಯುರಿಟಿಯವರು, ಎಲ್ಲ ಇತ್ತು. ಧಾರವಾಡ ಇರಲಿಲ್ಲ. ಸುತ್ತ ಕಬ್ಬಿಣ ತುಂಬಿದ ಕಾಂಕ್ರೀಟು, ಮನೆಮನೆಯಲ್ಲಿ ಎಲ್‌ಇಡಿ ದೀಪ, ಚಾರ್ಜರು. ಆ ಹಳೆಯ ಪೆಟ್ಟಿಗೆ ಗುಂಯ್ ಎನ್ನುವುದರ ಹೊರತು ಏನೂ ಅನ್ನಲಿಲ್ಲ. ಬಾಲ್ಕನಿಯಲ್ಲಿ ತಂತಿ ಕಟ್ಟಿ ನೋಡಿದೆ. ಬರಲಿಲ್ಲ, ಆದರೂ ಬಟ್ಟೆ ಹರವಲು ಆದೀತೆಂದು ತಂತಿಯನ್ನು ಬಿಚ್ಚದೆ ಹಾಗೇ ಬಿಟ್ಟೆ. ಅದೇ ಮುಂದೆ ಮುಳುವಾಯಿತು.

ಮೊಬೈಲಿನಲ್ಲಿ ಕನ್ನಡ ಹಾಡು ಹಚ್ಚಿ ಕೊಟ್ಟೆ. ಅತ್ತಿ ಒಂದಿಷ್ಟು ಕೇಳಿ ಹಿಂದಕ್ಕೆ ಕೊಟ್ಟಳು. “ಇದು ಧಾರವಾಡ ಅಲ್ಲ ಸುಮೀ. ಧಾರವಾಡ ದೂರ ಅದ. ಇವರು ನನ್ನ ಮಗ್ಗಲದಾಗ ಕುಂತು ಮಾತಾಡಿಧಂಗ ಆಗ್ತದ” ಅಂದಳು. ಆಗ ಅವಳಿಗೆ ತೊಂಬತ್ತರ ಹತ್ತಿರ. ಮೊಣಕಾಲು ಹಿಡಿದಿದ್ದವು, ಕಣ್ಣು ಮಂಜು. ಕಿವಿ ಮಾತ್ರ ಚುರುಕು. ಸಂಜೆಯಾದರೆ ಆ ಸತ್ತ ರೇಡಿಯೊದ ಕಿವಿ ತಿರುವಿ ಗುಂಯ್ ಎನ್ನುವುದನ್ನೇ ಕೇಳುತ್ತ ಕೂತಿರುತ್ತಿದ್ದಳು.

ರೇಡಿಯೊ ಅಂದರೆ ಮಹಾ ಏನಲ್ಲ ಎಂದು ನಾನು ಪ್ರತಿ ವರ್ಷ ಹುಡುಗರಿಗೆ ಹೇಳುತ್ತೇನೆ. ಏರಿಯಲ್ ಎಲ್ಲ ಸ್ಟೇಷನ್ನಿನ ಅಲೆಗಳನ್ನೂ ಒಟ್ಟಿಗೆ ಹಿಡಿಯುತ್ತದೆ. ತಂತಿಸುರುಳಿ ಮತ್ತು ಕಂಡೆನ್ಸರ್ ಸೇರಿ ಅದರಲ್ಲಿ ಒಂದನ್ನು ಆರಿಸುತ್ತವೆ. ಅಲೆಯ ಬೆನ್ನೇರಿ ಬಂದ ದನಿಯನ್ನು ಡಯೋಡು ಕೆಳಗಿಳಿಸುತ್ತದೆ. ಉಳಿದದ್ದು ಅದನ್ನು ದೊಡ್ಡದು ಮಾಡುವ ಕೆಲಸ. ಈಗಿನ ಹುಡುಗರು ಇದನ್ನು ಬೆಸುಗೆ ಹಾಕಿ ಮಾಡುವುದಿಲ್ಲ; ಕಂಪ್ಯೂಟರಿನಲ್ಲಿ ಸರ್ಕ್ಯೂಟು ಬರೆದು, ಓಡಿಸಿ ನೋಡುತ್ತಾರೆ. ಸಿಮ್ಯುಲೇಶನ್. ಅಲ್ಲಿ ಯಾರ ಬೆರಳೂ ಸುಡುವುದಿಲ್ಲ. ಏರಿಯಲ್ ಅಂದರೆ ಒಂದು ಪುಟ್ಟ ಸೊನ್ನೆ, ಒಳಗೊಂದು ಅಲೆಯ ಗೆರೆ, ಪಕ್ಕದಲ್ಲಿ ಒಂದು ಅಂಕಿ. ಒಂದು ಮಧ್ಯಾಹ್ನ ಲ್ಯಾಬಿನಲ್ಲಿ ಯಾರದೋ ಸರ್ಕ್ಯೂಟು ತಿದ್ದುತ್ತಿದ್ದಾಗ ನನಗೆ ಹೊಳೆಯಿತು: ಸ್ಟೇಷನ್ನು ಬಾರದಿದ್ದರೇನಂತೆ, ದೂರವನ್ನು ನಾನೇ ತಯಾರಿಸಬಹುದು.

ತಯಾರಿಸಿದೆ. ಹಳೆಯ ರೇಡಿಯೊದ ಸರ್ಕ್ಯೂಟನ್ನು ಒಂದು ಗೆರೆಯೂ ಬಿಡದೆ ಕಂಪ್ಯೂಟರಿನಲ್ಲಿ ಇಳಿಸಿದೆ. ಹುಡುಕಿ ಹುಡುಕಿ ಕನ್ನಡದ ಮಾತು, ತತ್ವಪದ, ನಾಟಕ, ಬೇಸಾಯದ ಸಲಹೆ ಕೂಡಿಹಾಕಿದೆ. ಅವನ್ನು ಅಲೆಯ ಬೆನ್ನೇರಿಸಿ, ಪಕ್ಕದಲ್ಲಿ ಜೋರಿನ ಮರಾಠಿ ಸ್ಟೇಷನ್ನೊಂದನ್ನು ನಿಲ್ಲಿಸಿ, ಆಕಾಶದ ಗುಡುಗಿನ ಚರಚರ ಬೆರೆಸಿದೆ. ದೂರದ ದನಿ ಒಮ್ಮೆ ಉಬ್ಬಿ ಒಮ್ಮೆ ಇಳಿಯುತ್ತದಲ್ಲ, ಆ ಏರಿಳಿತಕ್ಕೂ ಒಂದು ಅಂಕಿ ಇಟ್ಟೆ. ಎಲ್ಲವನ್ನೂ ಅಂಗೈಯಷ್ಟು ಗಾತ್ರದ ಒಂದು ಕಂಪ್ಯೂಟರಿಗೆ ತುಂಬಿ, ಹಳೆಯ ಪೆಟ್ಟಿಗೆಯೊಳಗೆ ಕೂರಿಸಿ, ಅದೇ ಕಿವಿಗಳಿಗೆ, ಅದೇ ಸ್ಪೀಕರಿಗೆ ಜೋಡಿಸಿದೆ. “ರಿಪೇರಿ ಆತತ್ತಿ” ಅಂದೆ. ಅವಳಿಗೆ ನಾನು ಹೇಳಿದ ಮೊದಲ ಸುಳ್ಳು ಅದು. ಅತ್ತಿ ಕಿವಿ ತಿರುವಿದಳು. ಮರಾಠಿ ಬಂತು, ಸಿಳ್ಳೆ ಬಂತು, ಇನ್ನೊಂದು ಕೂದಲೆಳೆಯಷ್ಟು ತಿರುವಿದಾಗ ಆ ಗದ್ದಲದ ಹಿಂದಿನಿಂದ, ಬಲು ದೂರದಿಂದ, ಏಕತಾರಿ ನುಡಿಯಿತು. ಅತ್ತಿಯ ಕೈ ರೇಡಿಯೊದ ಕಿವಿಯ ಮೇಲೇ ನಿಂತಿತು. ಆಮೇಲೆ ಸೆರಗು ಹೊದ್ದು ಕೂತಳು.

ಆ ದಿನಗಳಲ್ಲಿ ನಾನು ಹಿಗ್ಗಿ ಹೀರೇಕಾಯಿಯಾಗಿದ್ದೆ. ಒಳಗೊಳಗೆ ಅಳುಕಿತ್ತು, ಇಲ್ಲವೆನ್ನಲಾರೆ. ನನ್ನನ್ನು ಸಾಕಿದವಳಿಗೆ ಆಟಿಕೆ ಕೊಟ್ಟು ಸುಮ್ಮನಿರಿಸಿದ ಹಾಗೆ ಅನಿಸುತ್ತಿತ್ತು. “ಈ ಹಾಡು ಮೊನ್ನೇನೂ ಹಾಕಿದ್ರು. ಧಾರವಾಡದವರ ಕಡೆ ರಿಕಾರ್ಡು ಕಡಿಮಿ ಬಿದ್ದಾವ ಕಾಣಸ್ತದ” ಎಂದು ಅತ್ತಿ ಅಂದಾಗ ಮುಖ ಆಕಡೆ ಮಾಡುತ್ತಿದ್ದೆ. ಆದರೆ ಅವಳು ಉಣ್ಣತೊಡಗಿದ್ದಳು, ನಗತೊಡಗಿದ್ದಳು. ಅದನ್ನು ಕಂಡು ನನ್ನ ಅಳುಕಿಗೆ ಸುಮ್ಮನಿರು ಅನ್ನುತ್ತಿದ್ದೆ.

ಕಪಾಟಿನಲ್ಲಿ ಆ ವಾಸನೆ ಶುರುವಾದದ್ದು ಆಗಲೇ. ನಮ್ಮ ಮನೆಗೆಲಸ ಮಾಡುವವಳು ಶಾಂತವ್ವ, ಯಾದಗಿರಿ ಕಡೆಯವಳು. ಗಂಡ ಕಟ್ಟಡದ ಕೆಲಸಕ್ಕೆ ಹೋಗುತ್ತಾನೆ, ಅವಳು ನಾನು ಬರುವವರೆಗೆ ಅತ್ತಿಯ ಹತ್ತಿರ ಇರುತ್ತಾಳೆ. ನಾನು ಅವಳ ಮೇಲೆ ಹರಿಹಾಯ್ದೆ. ಒಣಗದ ಬಟ್ಟೆ ಮಡಚಿಡಲು ಕೈಯಾದರೂ ಹೇಗೆ ಬರುತ್ತದೆ, ಅಷ್ಟೂ ಸೋಮಾರಿತನವೇ, ಎಂದೆಲ್ಲ ಅಂದೆ. ಅವಳು ತಲೆ ತಗ್ಗಿಸಿ “ಆತ್ರಿ ಅಕ್ಕಾರ” ಅಂದಳು. ಅತ್ತಿ ಅಲ್ಲೇ ಕೂತು ರೇಡಿಯೊದ ಮೇಲಿನ ಧೂಳು ಒರೆಸುತ್ತಿದ್ದಳು. ವಾಸನೆ ಹೋಗಲಿಲ್ಲ, ನನ್ನ ಬೈಗಳೂ ನಿಲ್ಲಲಿಲ್ಲ. ಬೆಳೆದದ್ದೇ ಆ ವಾಸನೆಯಲ್ಲಿ, ಮೂಗು ಅದನ್ನು ಗುರುತು ಹಿಡಿಯಬಾರದಿತ್ತೇ? ಅಂಗಳ ನೆನಪಾಗಬಾರದಿತ್ತೇ? ಏನೂ ಆಗಲಿಲ್ಲ. ಮೇಡಮ್ಮಿನ ಮೂಗಿಗೆ ಕೆಲಸದವಳ ತಪ್ಪಷ್ಟೇ ಕಂಡಿತು.

ಮಳೆಗಾಲ ಹಿಡಿದ ಮೇಲೆ ಒಂದು ರವಿವಾರ ನಾನೂ ಅತ್ತಿಯ ಪಕ್ಕ ಕೂತು ಕೇಳಿದೆ. ನನ್ನ ಕಿವಿಗೆ ಅದು ತುಸು ಹೆಚ್ಚೇ ಚೊಕ್ಕಟ ಅನಿಸಿತು. ಮಳೆಗಾಲದಲ್ಲಿ ಧಾರವಾಡ ಇಷ್ಟು ಸುಲಭವಾಗಿ ಬರುತ್ತಿತ್ತೇ? ಮರುದಿನ ಪೆಟ್ಟಿಗೆಯೊಳಗಿನ ಕಂಪ್ಯೂಟರನ್ನು ಲ್ಯಾಬಿಗೆ ಒಯ್ದು ಏರಿಳಿತದ ಅಂಕಿಯನ್ನು ಹೆಚ್ಚಿಸಿ ಮರಳಿ ಕೂರಿಸಿದೆ. ಈಗ ದನಿ ಒಮ್ಮೊಮ್ಮೆ ಪೂರಾ ಮುಳುಗಿ, ಹೋಯಿತು ಅನ್ನುವಷ್ಟರಲ್ಲಿ ತೇಲಿ ಬರುತ್ತಿತ್ತು. ಅಚ್ಚು ಹಳೆಯದರಂತೆ. ಅದನ್ನು ನಾನು ಲ್ಯಾಬಿನಲ್ಲಿ ಕೂತು ಒಬ್ಬಳೇ ಕೇಳಿ, ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಅದೇ ವಾರ, ನಾನು ಹಡಪ್ಸರದ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಿದ್ದಾಗ ಶಾಂತವ್ವನ ಫೋನು ಬಂತು. ಅತ್ತಿ ಬಾಲ್ಕನಿಯಲ್ಲಿ ಬಿದ್ದಿದ್ದಳು. ಸೊಂಟದ ಎಲುಬು ಮುರಿದಿತ್ತು. ಆಸ್ಪತ್ರೆಯ ಬೆಂಚಿನ ಮೇಲೆ ಕೂತು, ಅಲ್ಲಿಯೂ ನಾನು ಶಾಂತವ್ವನ ಮೇಲೆಯೇ ರೇಗಿದೆ. ನೀನೆಲ್ಲಿದ್ದೆ, ಅವಳನ್ನು ಬಾಲ್ಕನಿಗೆ ಯಾಕೆ ಬಿಟ್ಟೆ?

“ರೊಟ್ಟಿ ಬಡೀತಿದ್ದೆರಿ ಅಕ್ಕಾರ” ಅಂದಳು. “ಅಮ್ಮಾರು ದಿನಾ ಹೋಗ್ತಾರ್ರಿ. ರೇಡಿಯೊ ಹಚ್ಚೂಕಿಂತ ಮದ್ಲ ಆ ತಂತಿ ಮ್ಯಾಲಿನ ಅರಿವಿ ಎಲ್ಲ ತಗೀತಾರ. ಹಸಿ ಇದ್ರೂ ಮಡಚಿ ಇಡ್ತಾರ. ನಡಕ ದನಿ ಸಣ್ಣಾತಂದ್ರ, ಒಂದರೆ ಉಳದೈತೇನು ನೋಡಾಕ ಮತ್ತ ಏಳ್ತಾರ. ಈ ವಾರ ದನಿ ಭಾಳ ಸಣ್ಣಾಗಾಕತ್ತಿತ್ರಿ. ಇವತ್ತ ನಾ ಚಾದರ ಹಾಕಿದ್ದೆ, ಹಸಿ ಚಾದರ. ಅದನ್ನ ಎಳಿಯಾಕ ಹೋಗ್ಯಾರ.” ಆಮೇಲೆ ಅಂದಳು, “ಸುಮಿ ದಣದು ಬರ್ತಾಳ, ಹೇಳಬ್ಯಾಡ ಅಂದಿದ್ರು. ಮ್ಯಾಲಿನ ಮನಿಯವರ ಅರಿವಿ ತಾಗಿದ್ರೂ ಧಾರವಾಡ ಬರೂದಿಲ್ಲ, ಅಂತ ನನಗೂ ಹೇಳಿದ್ರು. ನಾ ಅದನ್ನ ಖರೇ ಅಂದಕೊಂಡಿದ್ನಿ.”

ಆ ತಂತಿ ಯಾವುದಕ್ಕೂ ಜೋಡಿಸಿರಲಿಲ್ಲ. ಬಟ್ಟೆ ಇದ್ದರೂ ಅದೇ, ಇಲ್ಲದಿದ್ದರೂ ಅದೇ. ನನ್ನ ಸರ್ಕ್ಯೂಟಿನಲ್ಲಿ ಏರಿಯಲ್ ಒಂದು ಸೊನ್ನೆ. ದನಿ ಮುಳುಗಿದ್ದು ನಾನಿಟ್ಟ ಅಂಕಿಯಿಂದ, ತೇಲಿದ್ದೂ ಅದೇ ಅಂಕಿಯಿಂದ. ಅವಳು ಏಳಲಾರದೆ ಎದ್ದು, ಗೋಡೆ ಹಿಡಿದು ಹೋಗಿ, ಒಂದು ಟವೆಲ್ ಎಳೆದು ಬರುವಷ್ಟರಲ್ಲಿ ದನಿ ತಾನಾಗಿ ಏರಿರುತ್ತಿತ್ತು. ಏರಿದಾಗ “ನೋಡಿದೇನು ಶಾಂತವ್ವ” ಎಂದು ನಗುತ್ತಿದ್ದಳಂತೆ. ತನ್ನ ಪಾಲಿನ ಕೆಲಸ ತಾನು ಮಾಡಿದ್ದಕ್ಕೇ ಧಾರವಾಡ ಬಂತು ಅಂತ ತಿಳಿದಿದ್ದಳು. ನನ್ನ ಸುಳ್ಳಿನಲ್ಲಿ ಅವಳಿಗೆ ಕೆಲಸವೇ ಇರಲಿಲ್ಲ. ದೂರವನ್ನು, ಗುಡುಗನ್ನು, ಪಕ್ಕದ ಸ್ಟೇಷನ್ನನ್ನು, ಎಲ್ಲವನ್ನೂ ಲೆಕ್ಕಕ್ಕೆ ಹಿಡಿದ ನಾನು ಗೋದೂತಾಯಿಯ ಸೀರೆಯನ್ನು ಮರೆತಿದ್ದೆ. ಶಾಂತವ್ವನ ಕೈ ಹಿಡಿದು ತಪ್ಪಾಯಿತು ಅಂದೆ. ಅವಳಿಗೆ ಯಾವ ತಪ್ಪೆಂದು ತಿಳಿಯಲಿಲ್ಲ.

ಆ ವಯಸ್ಸಿನಲ್ಲಿ ಎಲುಬು ಕೂಡುವುದಿಲ್ಲ ಎಂದರು ಡಾಕ್ಟರು. ಮನೆಗೆ ಕರೆತಂದೆವು. ಅತ್ತಿಗೆ ಬರಬರುತ್ತ ಹಗಲು ಸಂಜೆಯ ಗುರುತು ತಪ್ಪಿತು, ವಾಡೆ ಯಾವುದು ಫ್ಲ್ಯಾಟು ಯಾವುದು ಎಂಬುದೂ ತಪ್ಪಿತು. ಖರೇ ಹೇಳಿಬಿಡಬೇಕೆಂದು ನಾನು ಎಷ್ಟೋ ಸಲ ಮಂಚದ ಬದಿಗೆ ಕೂತೆ. ಹೇಳಿದರೆ ಹಗುರಾಗುವವಳು ನಾನು. ಅವಳ ಕೈಯಿಂದ ಧಾರವಾಡ ಕಸಿದ ಹಾಗಾಗುತ್ತಿತ್ತು. ದಿಂಬು ಸರಿಪಡಿಸಿ ಎದ್ದು ಬರುತ್ತಿದ್ದೆ. ಕೊನೆಗೆ ಒಂದು ಮಧ್ಯಾಹ್ನ ಪೆಟ್ಟಿಗೆ ಬಿಚ್ಚಿ, ಏರಿಳಿತದ ಅಂಕಿಯನ್ನು ಸೊನ್ನೆ ಮಾಡಿದೆ. ಗುಡುಗನ್ನೂ ತೆಗೆದೆ. ದೂರವನ್ನು ಮಾತ್ರ ಉಳಿಸಿದೆ.

ದೀಪ ಹಚ್ಚುವ ಹೊತ್ತಿಗೆ ರೇಡಿಯೊ ಹಚ್ಚಿದೆ. ಏಕತಾರಿ ಒಂದೇ ಎತ್ತರದಲ್ಲಿ, ನಡುಗದೆ, ಮುಳುಗದೆ, ದೂರದಿಂದ ಬಂತು. ಅತ್ತಿ ಕಣ್ಣು ತೆರೆದು ಕಿವಿಗೊಟ್ಟಳು. ಹಾಡು ಮುಗಿಯುವವರೆಗೂ ಕಾದಳು, ಈಗ ಇಳಿಯುತ್ತದೆ, ಈಗ ಇಳಿಯುತ್ತದೆ ಎಂದು. ಇಳಿಯಲಿಲ್ಲ. ಬಾಲ್ಕನಿಯ ತಂತಿಯ ಮೇಲೆ ಅವಳದೇ ಸೀರೆ, ಚಾದರ, ದಿಂಬಿನ ಚೀಲ ಎಲ್ಲ ಹಸಿಯಾಗಿ ತೂಗುತ್ತಿದ್ದವು.

“ಭಾಳ ಸಾಫ್ ಬಂತಲ್ಲವಾ” ಅಂದಳು. “ಅರಿವಿ ಯಾರು ತಗದ್ರು? ಗೋದೂತಾಯಿ ಬಂದಾಳೇನು?”

“ಹೌದತ್ತಿ” ಅಂದೆ.

“ಹೊರಗ ಯಾಕ ನಿಂದರಿಸೀದಿ? ಒಳಗ ಕರಿ. ಅಕೀಗೆ ಚಹಾಕ್ಕ ಇಡು.”

ನಾನು ಎದ್ದು ಮೊದಲು ಬಾಲ್ಕನಿಗೆ ಹೋದೆ. ತಂತಿಯ ಮೇಲಿನ ಬಟ್ಟೆಯನ್ನೆಲ್ಲ ಎಳೆದು, ನೀರಿಳಿಯುವುದನ್ನೇ ಎದೆಗವಚಿಕೊಂಡು ಬಂದು, ಮಡಚಿ ಕಪಾಟಿನಲ್ಲಿಟ್ಟೆ. ಆಮೇಲೆ ಒಲೆ ಹಚ್ಚಿ, ಮೂವರಿಗಾಗುವಷ್ಟು ಚಹಾ ಮಾಡಿದೆ.